ಲೆಕ್ಕ ಚುಕ್ತಾ ಮಾಡದ ಯಜಮಾನರು

ನಮ್ಮ ಜವಳಿ ಅಂಗಡಿಯ ಯಜಮಾನರ ದುಡ್ಡು ಇರುತ್ತಿದ್ದದ್ದು ಬನಿಯನ್ನಿನ ಜೇಬಿನಲ್ಲಿ. ಅಂಗಿಯ ಗುಂಡಿ ಬಿಚ್ಚಬೇಕು, ಕುತ್ತಿಗೆಯಲ್ಲಿ ನೇತಾಡುವ ಅಳತೆ ಟೇಪನ್ನು ಪಕ್ಕಕ್ಕೆ ಸರಿಸಬೇಕು, ಆಮೇಲೆ ಎರಡು ಬೆರಳು ಒಳಗಿಳಿಸಿ ಕಣ್ಣು ಮುಚ್ಚಿ ಹುಡುಕಬೇಕು. ಗಿರಾಕಿಗೆ ಚಿಲ್ಲರೆ ಕೊಡುವಾಗಲೂ ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡುತ್ತಿದ್ದರು. ಮಧುಗಿರಿ ಪೇಟೆಯೆಲ್ಲ ಫೋನಿನಲ್ಲೇ ದುಡ್ಡು ಕಳಿಸುವ ಕಾಲ ಬಂದರೂ ಅವರು ಸ್ಕ್ಯಾನರ್ ಇಟ್ಟುಕೊಂಡದ್ದು ತಗೊಳ್ಳುವುದಕ್ಕೆ ಮಾತ್ರ.

ಹಾಗಂತ ಜುಗ್ಗರು ಅನ್ನಬೇಡಿ. ತಿಂಗಳ ಸಂಬಳ ಒಂದನೇ ತಾರೀಕು ಬಾಗಿಲು ತೆಗೆಯುವ ಮೊದಲೇ ಕೈಗೆ ಬರುತ್ತಿತ್ತು. ಅವರ ಕಾಟವೇನಿದ್ದರೂ ಕೆಲಸ ಬಿಟ್ಟು ಹೋಗುವವರಿಗೆ. ಕೊಡಲ್ಲ ಅಂತ ಯಾವತ್ತೂ ಅಂದವರಲ್ಲ. "ಲೆಕ್ಕ ನೋಡಣ, ಕೂತ್ಕೊ" ಅನ್ನುವರು. ಕೂತವರ ಕಣ್ಣೆದುರಿಗೆ ಯಾರೋ ಗಿರಾಕಿ ಸೀರೆ ಗುಡ್ಡೆ ಹಾಕಿಸುವರು. ಜವಳಿ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತವರ ಕೈ ಬಿಚ್ಚಿದ ಸೀರೆ ನೋಡಿಕೊಂಡು ಸುಮ್ಮನಿರುತ್ತದೆಯೇ? ತಾನಾಗಿ ಮಡಿಸುತ್ತದೆ. ಸಂಜೆಗೆ ಯಜಮಾನರು, "ಇವತ್ತಿನ ಕೂಲೀನೂ ಸೇರ್ತಲ್ಲಪ್ಪಾ, ಲೆಕ್ಕ ಮತ್ತೆ ಹಾಕ್ಬೇಕು. ನಾಳೆ ಬಾ" ಅನ್ನುವರು. ನಾಳೆಯೂ ಇದೇ ಕತೆ. ಕುರಿ ಸಾಕುತ್ತೇನೆಂದು ಕೆಲಸ ಬಿಟ್ಟ ದೊಡ್ಡೇರಿಯ ಸೇಲ್ಸ್‌ಮನ್ ಕೊನೇ ಸಂಬಳ ಕೇಳಲು ಬಂದು ಬಂದು, ಕುರಿಗಳನ್ನು ತಮ್ಮನಿಗೆ ವಹಿಸಿ ಮತ್ತೆ ನಮ್ಮಲ್ಲೇ ಉಳಿದುಬಿಟ್ಟ.

ಇದನ್ನೆಲ್ಲ ನೋಡಿ ನಕ್ಕವಳು ನಾನು. ನನ್ನ ಸರದಿ ಬಂದಾಗ ನಗು ನಿಂತಿತು.

ನಾನು ಕೆಲಸ ಬಿಟ್ಟದ್ದು ಸ್ವಂತ ಟೈಲರಿಂಗ್ ಅಂಗಡಿ ಇಡಲು. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಒಂದು ರೂಮು ಗೊತ್ತಾಗಿತ್ತು. ಸೋಮವಾರದೊಳಗೆ ಅಡ್ವಾನ್ಸ್ ಕೊಡದಿದ್ದರೆ ಮೊಬೈಲ್ ರಿಪೇರಿಯವನಿಗೆ ಬಿಡುತ್ತೇನೆ ಎಂದು ರೂಮಿನ ಓನರ್ ಹೇಳಿದ್ದ. ಕೈಯಲ್ಲಿದ್ದದ್ದೆಲ್ಲ ಹೊಲಿಗೆ ಮಿಷನ್ನಿಗೆ ಹೋಗಿತ್ತು. ಯಜಮಾನರ ಹತ್ತಿರ ಇದ್ದ ಕೊನೇ ಸಂಬಳವೇ ನನಗೆ ಗತಿ.

ಗುರುವಾರ ಹೋದೆ. "ಅಮಾಸೆ ದಿನ ಯಾರಾದ್ರೂ ಲೆಕ್ಕ ಮುಗುಸ್ತಾರೇನಮ್ಮ?" ಅಂದರು. ಶುಕ್ರವಾರ ಲಕ್ಷ್ಮಿಯನ್ನು ಆಚೆ ಕಳಿಸುವಂತಿಲ್ಲ. ಶನಿವಾರ ಮದುವೆ ಜವಳಿಯವರು ಬಂದರು. ಹುಡುಗಿಯ ಕಡೆಯವರು ಅಟ್ಟದ ಮೇಲಿನದನ್ನೂ ಇಳಿಸಿದರು. ಕೈ ಕಟ್ಟಿಕೊಂಡು ಕೂತೆ, ನಿಜವಾಗಿ ಕಟ್ಟಿಕೊಂಡೇ ಕೂತೆ. ಆದರೆ ಹೊಸ ಹುಡುಗಿ ರೇಷ್ಮೆ ಸೀರೆಯ ಜರಿಯನ್ನು ಹೊರಗೆ ಮಾಡಿ ಮಡಿಸಿದ್ದನ್ನು ಕಂಡು ತಡೆಯಲಾಗಲಿಲ್ಲ. ತಲೆ ಎತ್ತಿದಾಗ ಯಜಮಾನರು ದೀಪ ಹಚ್ಚುತ್ತಿದ್ದರು. ದೀಪ ಹಚ್ಚಿದ ಮೇಲೆ ಅವರು ದುಡ್ಡು ಕೊಡುವವರಲ್ಲ.

ಭಾನುವಾರ ನಮ್ಮತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಟರು. ಅವರು ಪಾವಗಡದ ಕಡೆಯವರು. ಸಿಟ್ಟು ಬಂದರೆ ತೆಲುಗು. ಅಂಗಡಿ ಹತ್ತುತ್ತಲೇ, "ಮಾ ಕೋಡಲಿಕಿ ಡಬ್ಬುಲು ಎಪ್ಪುಡಿಸ್ತಾವಯ್ಯಾ?" ಎಂದು ಗದರಿದರು. ಸೊಸೆಯ ದುಡ್ಡು ಯಾವಾಗ ಕೊಡುತ್ತೀ ಎಂಬ ಆ ಒಂದು ಮಾತಿಗೇ ಯಜಮಾನರು ಎದ್ದು ನಿಂತು, ನೀರು ತರಿಸಿ, ಕೂರಿಸಿದರು. ಕೂರಿಸಿದ್ದೇ ತಪ್ಪಾಯಿತು. ಪಕ್ಕದಲ್ಲಿ ಒಬ್ಬಾಕೆ ಹಳದಿ ಸೀರೆಗೂ ಹಸಿರು ಸೀರೆಗೂ ಒದ್ದಾಡುತ್ತಿದ್ದಳು. "ನಿನ್ನ ಬಣ್ಣಕ್ಕೆ ಹಳದಿ ಒಪ್ಪಲ್ಲ ಕಣಮ್ಮ, ಹಸ್ರು ತಗೊ" ಅಂದರು ನಮ್ಮತ್ತೆ. ಆಕೆ ತಗೊಂಡಳು. ಆಕೆಯ ತಂಗಿಯೂ ತಗೊಂಡಳು. ಮಧ್ಯಾಹ್ನದ ಹೊತ್ತಿಗೆ ನಮ್ಮತ್ತೆ ಚಾಪೆಯ ಆಚೆ ಬದಿಗೆ, ಮಾರುವವರ ಜಾಗಕ್ಕೆ ಹೋಗಿ ಕೂತಿದ್ದರು.

"ನಿಮ್ಮತ್ತೆ ಕೂಲೀನೂ ಹಾಕ್ಬೇಕಲ್ಲಮ್ಮ" ಅಂದರು ಯಜಮಾನರು. "ಲೆಕ್ಕ ಎಲ್ಲಾ ಮೊದಲಿಂದ ಆಯ್ತು."

ಸೋಮವಾರ ನಾನು ಅಂಗಡಿ ಹತ್ತಲೇ ಇಲ್ಲ. ಬೀದಿಯಲ್ಲೇ ನಿಂತೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು.

"ಒಳಕ್ಕೆ ಬಾರಮ್ಮ."

"ಬರಲ್ಲ ಯಜಮಾನ್ರೆ. ಬಂದ್ರೆ ಮಡಿಸ್ತೀನಿ. ಇಲ್ಲೇ ಕೊಡಿ."

"ಹೊಸಿಲಾಚೆಗೆ ದುಡ್ಡು ಕೊಡಬಾರ್ದು ಕಣಮ್ಮ."

"ಸಂಜೆಗೆ ರೂಮು ಹೋಯ್ತದೆ. ನನ್ನ ಬಾಳು ಹಾಳ್ ಮಾಡ್ಬುಟ್ರಿ ಅಂತ ಪೇಟೆಗೆಲ್ಲಾ ಹೇಳ್ತೀನಿ."

ಪೇಟೆ ಆಗಲೇ ಸೇರಿತ್ತು. ಎದುರಿನ ಪಾತ್ರೆ ಅಂಗಡಿಯವರು ವ್ಯಾಪಾರ ಬಿಟ್ಟು ನೋಡುತ್ತಿದ್ದರು. ಯಜಮಾನರು ಏನನ್ನೋ ಕವರಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಬೀದಿಗಿಳಿದರು. ವ್ಯಾಪಾರದ ಹೊತ್ತಿನಲ್ಲಿ ಅವರು ಗಾದಿ ಬಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎಲ್ಲೈತೆ ನಿನ್ ರೂಮು? ನಡಿ."

ದಾರಿಯಲ್ಲಿ ಕೇಳಿಯೇಬಿಟ್ಟೆ. "ಕೊಡೋ ಮನಸ್ಸಿದ್ರೂ ಯಾಕಿಂಗೆ ಸತಾಯಿಸ್ತೀರಿ ಯಜಮಾನ್ರೆ?"

ಅವರು ನನ್ನ ಕಡೆ ನೋಡಲಿಲ್ಲ. "ಲೆಕ್ಕ ಮುಗುದ್ರೆ ನೀವ್ ಯಾಕಮ್ಮ ಈ ಬೀದಿಗೆ ಬತ್ತೀರಿ? ಬಾಕಿ ಐತೆ ಅಂದ್ರೆ ದಿನಾ ಮಖ ನೋಡ್ಬೋದು" ಅಂದರು. ಪಾಪ ಅನ್ನಿಸಿತು. ಅಷ್ಟು ಸಿಟ್ಟಿದ್ದವಳಿಗೆ ಪಾಪ ಅನ್ನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು.

ರೂಮಿನ ಓನರ್ ಎದುರು ಅಡ್ವಾನ್ಸ್ ಎಣಿಸಿದರು. ಉಳಿದದ್ದು ನನ್ನ ಕೈಗೆ ಬಂತು. ಶನಿವಾರ ಮಡಿಸಿದ ಕೂಲಿಯೂ ಇತ್ತು, ನಮ್ಮತ್ತೆಯದೂ ಇತ್ತು. ಅಬ್ಬಾ, ಮುಗಿಯಿತು ಅಂದುಕೊಳ್ಳುವಾಗಲೇ ಕವರಿನಿಂದ ಒಂದು ಬ್ಲೌಸ್ ಪೀಸ್ ತೆಗೆದು ನನ್ನ ಮುಂದಿಟ್ಟರು.

"ನಮ್ಮ ಮನೆಯವ್ರದ್ದು. ನಿನಗೆ ಬೋಣಿ ಆಗ್ಲಿ. ಹೊಲ್ದಿದ್ ಕೂಲಿ ನಾಳೆ ಬಂದು ಈಸ್ಕೊ."

ಆ ನಾಳೆ ಬರಲೇ ಇಲ್ಲ. ಅಂಗಡಿಗೆ ಹೋದಾಗಲೆಲ್ಲ ಕಾಫಿ ಬರುತ್ತಿತ್ತು, ಕೂಲಿ ಮಾತ್ರ ಬರುತ್ತಿರಲಿಲ್ಲ. ಅದರ ಬದಲು, ಸೀರೆ ಕೊಂಡವರನ್ನೆಲ್ಲ ರವಿಕೆಗೆ ನನ್ನ ಹತ್ತಿರವೇ ಅಟ್ಟುತ್ತಿದ್ದರು. ನನ್ನ ಅಂಗಡಿ ನಿಂತದ್ದು ಆ ಗಿರಾಕಿಗಳಿಂದ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಹೋದ ವರ್ಷ ಅವರು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಅವರ ಹೆಂಡತಿ ನನ್ನ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು ಪರ್ಸ್ ತೆಗೆದರು.

"ನಿಂದೊಂದು ಬ್ಲೌಸಿನ್ ಕೂಲಿ ಬಾಕಿ ಐತೆ ಅಂತಿದ್ರು ಕಣಮ್ಮ. ಎಷ್ಟು?"

"ಬಾಕಿ ಇರ್ಲಿ ಬುಡಿ ಅಮ್ಮ" ಅಂದೆ.

ಅವರು ಪರ್ಸ್ ಮುಚ್ಚಿದರು. ಆಮೇಲೆ ಚೀಲದೊಳಗೆ ಕೈ ಹಾಕಿ ಇನ್ನೊಂದು ಬ್ಲೌಸ್ ಪೀಸ್ ತೆಗೆದರು. ನಾನು ಅಳತೆ ತಗೊಂಡೆ. ಕೂಲಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.