ಏಳನೆಯ ಕೋಶಕ್ಕಾಗಿ ಕಾದ ಹುಳದಕ್ಕ

ಬೆಳಗಿನ ಐದೂವರೆ. ಕೃಷಿ ಸಂಶೋಧನಾ ಕೇಂದ್ರದ ಹಿಂದಿನ ಕೋಣೆಯಲ್ಲಿ, ಎಲ್ಲರೂ ಹುಳದಕ್ಕ ಎಂದೇ ಕರೆಯುವ ಹೆಂಗಸು ಒಂದು ಪ್ಲಾಸ್ಟಿಕ್ ಲೋಟದ ಮುಂದೆ ಕೂತಿದ್ದಾರೆ. ಒಳಗೆ ತೇವದ ಮಣ್ಣು, ಮೇಲೆ ಪತಂಗ ಹೊರಬರಬೇಕಾದ, ಖರ್ಜೂರದ ಬೀಜದಷ್ಟಿರುವ ಕಂದು ಕೋಶ. "ಮಾತಾಡಿ ಸಾರ್, ಅದಕ್ಕೆಲ್ಲಿ ಕೇಳುತ್ತೆ," ಎಂದು ವರದಿಗೆ ಬಂದ ನನಗೆ ಹೇಳುತ್ತಾರೆ. ಹೇಳುವುದು ಮಾತ್ರ ಪಿಸುದನಿಯಲ್ಲಿ.

ಇಪ್ಪತ್ತೆರಡು ವರ್ಷದಿಂದ ಇವರ ಕೆಲಸ ಕತ್ತರಿ ಹುಳು ಸಾಕುವುದು. ಹಗಲು ಮಣ್ಣೊಳಗೆ ಸುರುಳಿ ಸುತ್ತಿಕೊಂಡಿದ್ದು, ಇರುಳು ಎಳೆ ಸಸಿಯ ಬುಡ ಕತ್ತರಿಸುವ ಈ ಹುಳುವನ್ನು ಕಂಡರೆ ರೈತರಿಗೆ ಎಲ್ಲಿಲ್ಲದ ಸಿಟ್ಟು. ಇಲ್ಲಿ ಅದಕ್ಕೆ ರಾಜೋಪಚಾರ. ಹುಳುವಿನ ಮೈಯಲ್ಲಿ ಮೊಟ್ಟೆಯಿಡುವ ಪುಟ್ಟ ಕಣಜಗಳನ್ನು ಬೆಳೆಸಿ ಹೊಲಕ್ಕೆ ಬಿಟ್ಟರೆ ವಿಷ ಸಿಂಪಡಿಸುವುದು ತಗ್ಗುತ್ತದೆ. ಆ ಕಣಜಕ್ಕೆ ಹುಳು ಬೇಕೇ ಬೇಕು. ದಿನಕ್ಕೆ ಮುನ್ನೂರು ಲೋಟ, ಲೋಟಕ್ಕೊಂದೇ ಹುಳು. "ಜೊತೆಗಿರಲಿ ಪಾಪ ಅಂತ ಎರಡು ಹಾಕಿದ್ರೆ ಬೆಳಗ್ಗೆ ಒಂದೇ ಇರುತ್ತೆ, ಅದೂ ದಪ್ಪಗೆ."

ಶುರುವಿನಲ್ಲಿ ಇವರೂ ಎಡವಿದವರೇ. ಕೋಶವಾಗಲು ಮಣ್ಣಿಗಿಳಿದ ನಲವತ್ತು ಹುಳುಗಳನ್ನು, ಬದುಕಿವೆಯೋ ಇಲ್ಲವೋ ಎಂದು ಕೆದಕಿ ನೋಡಿದ್ದರಂತೆ. "ಮೈ ಇನ್ನೂ ಕೆನೆ ಥರ ಮೆತ್ತಗಿತ್ತು. ನಾನು ನೋಡಿದ್ದಕ್ಕೇ ಸತ್ತೋದ್ವು."

ಈಗಿನ ಸಂಕಟ ಬೇರೆ. ಕಳೆದ ತಿಂಗಳು ಬೂಷ್ಟು ತಗುಲಿ ಹುಳುಗಳೆಲ್ಲ ಸತ್ತು, ಉಳಿದದ್ದು ಏಳು ಕೋಶ. ಆರರಿಂದ ಬರೀ ಗಂಡು ಪತಂಗಗಳೇ ಹೊರಬಂದಿವೆ. ಅವುಗಳಲ್ಲೂ ಎರಡೇ ಜೀವಂತ. ಏಳನೆಯದು ಹೆಣ್ಣಾಗದಿದ್ದರೆ ತಳಿ ಮುಗಿದಂತೆ. ಹೊಲದಲ್ಲಿ ಹುಳು ಮತ್ತೆ ಸಿಗುವುದು ಮುಂದಿನ ಸಸಿ ನೆಡುವ ಕಾಲಕ್ಕೆ. ಅಷ್ಟರೊಳಗೆ ಕಣಜಗಳ ವಂಶವೂ ಇರುವುದಿಲ್ಲ. ಕೋಶದ ತುದಿಯ ಗೀರು ನೋಡಿ ವಿಜ್ಞಾನಿ ಮೇಡಂ ಗಂಡು ಎಂದಿದ್ದಾರೆ. ಹುಳದಕ್ಕ ಹೆಣ್ಣೆನ್ನುತ್ತಾರೆ.

ಆರು ಗಂಟೆಗೆ ಕೋಶ ಬಿರಿಯುತ್ತದೆ. ಮುದುಡಿದ ರೆಕ್ಕೆ ನಿಧಾನಕ್ಕೆ ಹರಡಿ, ಮೂತ್ರಪಿಂಡದಾಕಾರದ ಮಚ್ಚೆಯೂ ಅದಕ್ಕಂಟಿದ ಬಾಕುವಿನಂಥ ಕಪ್ಪು ಗೆರೆಯೂ ಕಾಣುತ್ತವೆ. ಹುಳದಕ್ಕ ನೋಡುವುದು ತಲೆಯ ಮೇಲಿನ ಮೀಸೆಯನ್ನು: ಗಂಡಿನದು ಬಾಚಣಿಗೆಯಂತೆ, ಇದರದ್ದು ಬರೀ ದಾರ. ಹೆಣ್ಣು!

"ಏನ್ರೀ ಹುಳದಕ್ಕ, ನನ್ನ ಓದೆಲ್ಲ ನೀರಲ್ಲಿ ಹೋಮ ಮಾಡಿದ್ರಲ್ಲ!" ಅಷ್ಟರಲ್ಲಿ ಬಂದ ಮೇಡಂ, ಪತಂಗವನ್ನು ನೋಡಿದ ಮಸೂರ ಕೆಳಗಿಟ್ಟು ನಗುತ್ತಾರೆ.

"ನಿಮ್ಮ ಓದು ಸರಿಯಾಗೇ ಇದೆ ಮೇಡಂ. ಕನ್ನಡಕ ಒರೆಸ್ಕೊಳ್ಳಿ."

ಎಂಟನೆಯ ದಿನ ಬೆಳಗ್ಗೆ ನನಗೆ ಹುಳದಕ್ಕನ ಫೋನು. ಹೆಣ್ಣನ್ನು ಗಂಡುಗಳ ಜೊತೆ ಬಿಟ್ಟ ಪಂಜರದ ಬಟ್ಟೆ ತುಂಬ ಮೊಟ್ಟೆಗಳಂತೆ.

"ಬೆಳ್ಳಗಿದ್ದವು ಕಂದಾಗ್ತಿವೆ, ಒಳಗೆ ಜೀವ ಇದೆ! ಆರುನೂರರ ತನಕ ಎಣಿಸಿದೆ, ಆಮೇಲೆ ಕಣ್ಣು ಮಂಜಾಯ್ತು. ಪಕ್ಕದ ಹೊಲದವರಿಗೆ ಮಾತ್ರ ಹೇಳ್ಬೇಡಿ ಸಾರ್. ಈ ಹುಳ ಹುಟ್ಟಿದ್ದಕ್ಕೆ ಅಳೋಷ್ಟು ಖುಷಿಯಾಯ್ತು ಅಂದ್ರೆ ಬೈದುಬಿಡ್ತಾರೆ."