ಮೈಲೂರಿಗೆ ಬಂದ ಏಳು ಮಣ ಸಮುದ್ರ

ಬೀದರದ ಗಂಜಿನಲ್ಲಿ, ಅಂದರೆ ದವಸದ ಪೇಟೆಯಲ್ಲಿ, ಧಾನ್ಯ ತೂಗುವವನು ಮೊದಲ ತೂಕಕ್ಕೆ ‘ಒಂದು’ ಅನ್ನುವುದಿಲ್ಲ. ‘ಲಾಭ’ ಅನ್ನುತ್ತಾನೆ. ಆಮೇಲೆ ಎರಡು, ಮೂರು, ನಾಕು. ನನ್ನ ತಾಯಿಯ ಅಜ್ಜ ಹಾವಗೆಪ್ಪನ ‘ಲಾಭ’ ಗಂಜಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತಂತೆ. ಅವನಿಗೆ ಹೊಲವಿರಲಿಲ್ಲ, ಅಂಗಡಿಯಿರಲಿಲ್ಲ. ತೂಗುವವನ ಬಳಿ ಇರುವುದು ಬಾಯಿಮಾತು ಒಂದೇ. ಅವನು ಕೂಗಿದ್ದನ್ನು ರೈತನೂ ನಂಬಬೇಕು, ಮಾಲು ಮಾರಿಸಿಕೊಡುವ ಅಡತಿ ಸಾಹುಕಾರನೂ ನಂಬಬೇಕು. ಹದಿನೆಂಟು ವರ್ಷ ಇಬ್ಬರೂ ನಂಬಿದ್ದರು.

ಆ ನಂಬಿಕೆ ಕೆಟ್ಟಿದ್ದು ಒಂದು ಹೂವಿನಿಂದ.

ನಿಜಾಮನ ಸೀಮೆಯಲ್ಲಿ ರಜಾಕಾರರ ಗದ್ದಲ ಹೆಚ್ಚಿದ ವರ್ಷ ಗಂಜಿನ ತಕ್ಕಡಿಗಳು ನಿಂತುಹೋದವು. ಹಾವಗೆಪ್ಪ ತಾಯಿ ಈರಮ್ಮನನ್ನೂ ಹೆಂಡತಿ ಶಿವಕಾಂತಾಳನ್ನೂ ಭಾಲ್ಕಿಯಲ್ಲಿ ಹೆಂಡತಿಯ ತವರಿನಲ್ಲಿ ಬಿಟ್ಟ. ಔರಾದ ಕಡೆಯ ಗೆಳೆಯ ಕಾಶೀರಾಮನ ಜೊತೆ ಗಡಿ ದಾಟಿ ಸೋಲಾಪುರಕ್ಕೆ, ಅಲ್ಲಿಂದ ಮುಂಬಯಿಗೆ ಹೋದ. ಏಳು ತಿಂಗಳು ಬಂದರಿನಲ್ಲಿ ಚೀಲ ಹೊತ್ತ. ಒಂದು ದಿನ ಸಮುದ್ರ ಹಿಂದೆ ಸರಿದಾಗ ಬಂಡೆಗಳ ನಡುವಿನ ನೀರಿನಲ್ಲಿ ಅವನು ಒಂದು ಹೂವು ಕಂಡ. ಸೇವಂತಿಗೆಯಷ್ಟು ದೊಡ್ಡದು, ಕಂದು ಎಸಳು, ತುದಿಗೆ ನಸುಗೆಂಪು. ಬೆರಳುದ್ದದ ಮೀನೊಂದು ಅದರ ಹತ್ತಿರ ಬಂತು. ಹೂವು ಎಸಳು ಮಡಚಿತು. ಮೀನು ಮತ್ತೆ ಹೊರಗೆ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಆಯಿತು, ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಯಿತು. ದೀಪಾವಳಿಯ ಹೊತ್ತಿಗೆ ಹಾವಗೆಪ್ಪ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು, ಬೀದರಕ್ಕೆ ಹತ್ತಿಕೊಂಡ ಮೈಲೂರಿನ ತನ್ನ ಮನೆಗೆ ಮರಳಿದ. ಚಹಾ ಕುಡಿಯುವಾಗ ಒಮ್ಮೆ ಗಂಜಿನವರಿಗೆ ಆ ಹೂವಿನ ಮಾತು ಹೇಳಿದ. ನಕ್ಕರು. ಮರುದಿನವೂ ನಕ್ಕರು. ತೊಗರಿಯ ಸುಗ್ಗಿ ಬರುವಷ್ಟರಲ್ಲಿ ಅವನ ಹೆಸರು ‘ಹೂವಿನ ಹಾವಗೆಪ್ಪ’ ಆಗಿತ್ತು. ಅಲ್ಲಿಯವರೆಗೂ ಅವನೂ ನಗುತ್ತಿದ್ದ.

ಔರಾದದ ಶಿವರಾಜಪ್ಪ ಅನ್ನುವ ರೈತ ತೊಗರಿ ತಂದಿದ್ದ. ಹಾವಗೆಪ್ಪ ತೂಗಿ ಕೂಗಿದ. ಶಿವರಾಜಪ್ಪ ತಲೆ ಕೆರೆದುಕೊಂಡ.

“ಸಾಹುಕಾರ್ರೇ, ಹೂವ ಮೀನ ತಿಂತದ ಅಂದಾತನ ತೂಕ ಏನ್ರಿ ಇದು? ಬ್ಯಾರೆ ಯಾರಿಗಾದ್ರೂ ಕರೀರಿ.”

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಸಾಹುಕಾರ ಮಲ್ಲಿಕಾರ್ಜುನಪ್ಪ ನಗುತ್ತಲೇ ಇನ್ನೊಬ್ಬನನ್ನು ಕರೆದು ಮತ್ತೆ ತೂಗಿಸಿದ. ತೂಕ ಒಂದೇ ಬಂತು. ಆದರೆ ಒಮ್ಮೆ ತೂಗಿದ್ದನ್ನು ಮತ್ತೊಬ್ಬನಿಂದ ತೂಗಿಸುವುದೆಂದರೆ, ಗಂಜಿನಲ್ಲಿ ಅದು ಕೆನ್ನೆಗೆ ಹೊಡೆದ ಹಾಗೆ.

ಹಾವಗೆಪ್ಪ ತಕ್ಕಡಿಯನ್ನು ನೆಲಕ್ಕಿಟ್ಟ. “ಆ ಹೂವ ನಿಮಗೆಲ್ಲಾ ನನ್ನ ಮನ್ಯಾಗ ತೋರಸ್ತೇನಿ. ಅಲ್ಲೀತನಕ ನಾ ತಕ್ಕಡಿ ಮುಟ್ಟಂಗಿಲ್ಲ.”

“ಅಂದ್ರ ಇನ್ನ ಮುಟ್ಟಂಗೇ ಇಲ್ಲ ಅನ್ನು,” ಅಂದ ಮಲ್ಲಿಕಾರ್ಜುನಪ್ಪ.

ಮರುದಿನದಿಂದ ಹಾವಗೆಪ್ಪ ಅದೇ ಗಂಜಿನಲ್ಲಿ ಚೀಲ ಹೊರತೊಡಗಿದ.

ಮನೆಯಲ್ಲಿ ಈರಮ್ಮ ಕೇಳಿದಳು. “ಲಿಂಗ ಕಟ್ಟಿದವರ ಮನ್ಯಾಗ ಮೀನ ತರ್ತಿ?”

“ತಿನ್ನಾಕಲ್ಲವ್ವ, ನೋಡಾಕ.”

“ನೋಡಿದ ಕಣ್ಣಿಗೂ ನಾರ್ತದ.” ಅವತ್ತಿನಿಂದ ಅವಳು ಪಡಸಾಲೆಯ ಕಡೆ ಬೆನ್ನು ಮಾಡಿ ಕೂತಳು.

ಉಸ್ಮಾನ ಮಿಯಾ ಬಾಗಿಲು ಕಿಟಕಿಗಳಿಗೆ ಗಾಜು ಕೂಡಿಸುವವ. ಪೊಲೀಸ್ ಆಕ್ಷನ್ನಿನ ಬೆನ್ನಿಗೆ ನಡೆದ ಕೊಲೆಗಳಲ್ಲಿ ಅವನ ಮನೆಯಲ್ಲಿ ಇಬ್ಬರು ಕಡಿಮೆಯಾಗಿದ್ದರು. ಅಂದಿನಿಂದ ಅಂಗಡಿ ತೆರೆದಿರಲಿಲ್ಲ. ಗಾಜು ಕೊಯ್ಯುವ ವಜ್ರದ ಮೊನೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಹಾವಗೆಪ್ಪ ಹೋಗಿ ಅವನ ಹೊಸ್ತಿಲ ಹತ್ತಿರ ಕೂತ. ಕಳೆದ ವರ್ಷದ ಬಗ್ಗೆ ಇವನೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

“ಮಿಯಾ, ಸಮುದ್ರ ಇಡಾಕ ಒಂದು ಪೆಟಗಿ ಬೇಕಾಗ್ಯಾದ.”

“ಎಷ್ಟು ದೊಡ್ಡದು?”

“ಗಂಜಿನ ಮಂದಿ ಸಾಲಾಗಿ ನಿಂತು ನೋಡೂವಷ್ಟು.”

ಉಸ್ಮಾನ ಮಿಯಾ ಬಹಳ ದಿನದ ಮೇಲೆ ನಕ್ಕ. “ಮಂದಿ ನಿಮಗ ಪಾಗಲ್ ಅಂತಾರ ಹಾವಗೆಪ್ಪ ಭಾಯಿ. ಮಂದಿ ಸುಳ್ಳ ಹೇಳಂಗಿಲ್ಲ.” ಹಾಗೆ ಹೇಳುತ್ತಲೇ ಎದ್ದು ಒಳಗೆ ಹೋದ. ಮುಚ್ಚಿಹೋದ ಅತ್ತರಿನ ಅಂಗಡಿಯೊಂದರ ಮುಂಗಾಜು ಅವನ ಗೋಡೆಗೆ ಒರಗಿತ್ತು. ಐದು ಅಡಿ ಉದ್ದ, ಹೆಬ್ಬೆರಳ ಉಗುರಿನ ಅಗಲದಷ್ಟು ದಪ್ಪ. ಗೋಣಿ ಸರಿಸಿದಾಗ ಅದರಲ್ಲಿ ಇಬ್ಬರ ಮುಖವೂ ಕಂಡಿತು.

ತಳ, ಬೆನ್ನು, ಎರಡು ಪಕ್ಕ ಶಹಾಬಾದ ಕಲ್ಲು. ಮುಂದೆ ಮಾತ್ರ ಗಾಜು. ಹೊರಗೆ ಸಾಗವಾನಿ ಚೌಕಟ್ಟು. ಕಲ್ಲಿನ ಅಂಚಿನಲ್ಲಿ ಬೆರಳಗಲದ ತೋಡು ಕೊರೆದು ಗಾಜನ್ನು ಅದರೊಳಗೆ ಇಳಿಸುವುದು ಉಸ್ಮಾನ ಮಿಯಾನ ಯೋಚನೆ. ಸಂದು ತುಂಬಲು ಅಗಸೆ ಎಣ್ಣೆಯಲ್ಲಿ ಸೀಮೆಸುಣ್ಣದ ಪುಡಿ ಕಲಸಬೇಕು. ಶಿವಕಾಂತಾ ಅದನ್ನು ಹೋಳಿಗೆಯ ಕಣಕದ ಹಾಗೆ ನಾದಿದಳು, ಕುಟ್ಟಿದಳು, ಮತ್ತೆ ನಾದಿದಳು. ಮೊದಲ ಸಲ ಬಾವಿಯ ನೀರು ತುಂಬಿದಾಗ ಮೂರು ಕಡೆ ಸೋರಿತು. ಎರಡನೆಯ ಸಲ ಒಂದು ಕಡೆ. ಮೂರನೆಯ ಸಲ ಎಂಟು ದಿನ ಒಂದು ಹನಿಯೂ ಸೋರಲಿಲ್ಲ. ಉಸ್ಮಾನ ಮಿಯಾ ದಿನಾ ಬಂದು ಗಾಜಿನ ಬುಡಕ್ಕೆ ಕೈಯಾಡಿಸುತ್ತಿದ್ದ. ನೀರು ತಾಗದ ಒಣ ಕೈಯನ್ನು ಎಲ್ಲರಿಗೂ ತೋರಿಸುತ್ತಿದ್ದ. ಒಂಬತ್ತನೆಯ ದಿನ ಅವನು ತನ್ನ ಅಂಗಡಿಯ ಬಾಗಿಲು ತೆರೆದ.

ತೊಟ್ಟಿಗೆ ಏಳು ಮಣ ನೀರು ಬೇಕು ಎಂದು ಹಾವಗೆಪ್ಪ ಲೆಕ್ಕ ಹಾಕಿದ. ಮುಂಬಯಿಯಲ್ಲೇ ಉಳಿದಿದ್ದ ಕಾಶೀರಾಮ ಎಣ್ಣೆಯ ಡಬ್ಬಿ ತೊಳೆದಿಟ್ಟಿರುತ್ತೇನೆ ಎಂದು ಕಾಗದ ಬರೆಸಿದ. ಹಾವಗೆಪ್ಪನಿಗೆ ಅದು ಸರಿಬರಲಿಲ್ಲ. ಗಂಗೆಯನ್ನು ತರುವುದು ತಾಮ್ರದಲ್ಲಿ. ಸಮುದ್ರವೆಂದರೆ ಎಲ್ಲ ಗಂಗೆಯೂ ಸೇರಿದ್ದು. ಭಾಲ್ಕಿಯಿಂದ ಶಿವಕಾಂತಾಳ ಮದುವೆಯ ಎರಡು ಹಂಡೆ ಬಂದವು, ಓಣಿಯಿಂದ ಮೂರು. ಹುಣಸೆಹಣ್ಣು ಹಚ್ಚಿ ಬಂಗಾರದ ಹಾಗೆ ತಿಕ್ಕಿದರು. ಅವನು ಮುಂಬಯಿಗೆ ಹೋಗಿ ಐದು ಹಂಡೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಕಾಶೀರಾಮ ಉಳಿಯಿಂದ ಬಂಡೆಚೂರು ಸಮೇತ ಎಬ್ಬಿಸಿಕೊಟ್ಟ ಎಂಟು ಹೂವುಗಳನ್ನು ಅದರಲ್ಲೇ ಇಳಿಸಿ, ಎರಡು ದಿನ ರೈಲಿನಲ್ಲಿ ಕೂತು ಬಂದ.

ಒಂದು ಹೂವೂ ಅರಳಲಿಲ್ಲ. ಮೊದಲು ಮುದುಡಿದವು, ಆಮೇಲೆ ಲೋಳೆಯಾದವು. ನಾಲ್ಕನೆಯ ದಿನ ನಾತ ಓಣಿಗೆ ಹಬ್ಬಿತು. ಗಂಜಿಗೂ ಹೋಯಿತು. “ಏನಪಾ ಹಾವಗೆಪ್ಪ, ನಿನ್ನ ಹೂವಿನ ಘಮಾ ಇಲ್ಲೀತನಕ ಬರ್ಲತ್ತದ!” ಅಂದ ಮಲ್ಲಿಕಾರ್ಜುನಪ್ಪ. ಹಾವಗೆಪ್ಪ ಚೀಲ ಹೊತ್ತವನು ಹಾಗೇ ನಡೆದ. ಹೊರೆ ಹೊತ್ತಾಗ ಮುಖ ತಗ್ಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಹಂಡೆಗಳನ್ನು ಹಿಂದಿರುಗಿಸುವ ಮೊದಲು ತೊಳೆಯಬೇಕಿತ್ತು. ಆ ಕೆಲಸ ಈರಮ್ಮನದು. ಹಿತ್ತಲಲ್ಲಿ ಕೂತವಳು ಹಂಡೆಯೊಳಗೆ ಕೈ ಹಾಕಿ, ತೆಗೆದು, ಬೆರಳು ನೋಡಿಕೊಂಡಳು. ಹಸಿರು ಕಿಲುಬು. ಐದೂ ಹಂಡೆಗಳಲ್ಲಿ ನೀರು ನಿಂತ ಮಟ್ಟಕ್ಕೆ ಸರಿಯಾಗಿ ಹಸಿರು ಉಂಗುರ.

“ಏ ಹಾವ್ಯಾ! ಇಲ್ಲಿ ಬಾ.”

ಅವನು ಬಂದ.

“ಉಪ್ಪಿನಕಾಯಿ ಯಾವಾಕಿ ತಾಮ್ರದಾಗ ಇಡ್ತಾಳೋ?”

ಹಾವಗೆಪ್ಪ ಹಂಡೆಯೊಳಗೆ ಬಗ್ಗಿ ನೋಡಿದ.

“ಉಪ್ಪ ತಾಮ್ರಾ ತಿಂತದ. ತಾಮ್ರ ಉಪ್ಪಿನಾಗ ಇಳದು ಇಷಾ ಆಗ್ತದ. ಹತ್ತ ವರ್ಷದ ಹುಡುಗಿಗೂ ಗೊತ್ತದ ಇದು. ದಿನಾ ನೂರು ಚೀಲ ತೂಗಿದಿ, ಮನ್ಯಾಗ ಒಂದ ದಿನ ಅಡಗಿ ಮನಿ ನೋಡಲಿಲ್ಲ. ನಿನ್ನ ಹೂವಾ ನೀನಾ ಕೊಂದಿ.” ಬೈಯುತ್ತಲೇ ಅವಳು ಕೈ ತೊಳೆದುಕೊಂಡು ಎದ್ದಳು. “ಭರಣಿ ಬೇಕು. ಚೀನಿ ಭರಣಿ. ಈಗ ಎಲ್ಲಾರ ಮನ್ಯಾಗ ಖಾಲಿ ಆಗಿರ್ತಾವ.”

ಆಗ ಫಾಲ್ಗುಣ. ಹಳೆಯ ಉಪ್ಪಿನಕಾಯಿ ತಳ ಕಂಡಿರುವ, ಹೊಸ ಮಾವಿನಕಾಯಿ ಇನ್ನೂ ಬಲಿಯದ ಹೊತ್ತು. ಪಡಸಾಲೆಗೆ ಬೆನ್ನು ಮಾಡಿ ಕೂತಿದ್ದ ಈರಮ್ಮ ಸೆರಗು ಸಿಕ್ಕಿಸಿಕೊಂಡು ಮೈಲೂರಿನ ಮನೆಮನೆಗೆ ಹೋದಳು. “ಮಾವಿನಕಾಯಿ ಬರೂದ್ರಾಗ ನಿಮ್ಮ ಭರಣಿ ನಿಮ್ಮ ಮನ್ಯಾಗ ಇರ್ತದ. ಒಡದ್ರ ನಾ ಇದ್ದೇನಿ.” ಇಪ್ಪತ್ತೊಂಬತ್ತು ಭರಣಿ ಬಂದವು. ಉಸ್ಮಾನ ಮಿಯಾನ ಹೆಂಡತಿ ಖತೀಜಾ ಬೇಗಂ ತನ್ನ ಅಚಾರದ ಎರಡು ದೊಡ್ಡ ಮರತಬಾನ ಭರಣಿಗಳನ್ನು ಕಳಿಸಿದಳು. ಸೀಗೆಕಾಯಿ ಹಾಕಿ, ಕುದಿವ ನೀರಿನಲ್ಲಿ ತೊಳೆದು, ಎಣ್ಣೆಯ ವಾಸನೆ ಹೋಗುವತನಕ ಬಿಸಿಲಿಗಿಟ್ಟರು. ಮೂವತ್ತೊಂದು ಭರಣಿ ಅಂಗಳದಲ್ಲಿ ಬಾಯಿ ತೆರೆದು ಸೂರ್ಯನನ್ನು ನೋಡುತ್ತಿದ್ದವು.

ಹಾವಗೆಪ್ಪ ಎರಡನೆಯ ಸಲ ಮುಂಬಯಿಗೆ ಹೋದ. ಬರುವಾಗ ವಾಡಿಯ ಕರೋಡಗಿರಿ ನಾಕಾದಲ್ಲಿ, ಸುಂಕದ ಕಟ್ಟೆಯಲ್ಲಿ, ಭರಣಿಗಳ ಸಾಲು ಕಂಡ ಗುಮಾಸ್ತ, ಇದು ಸಾರಾಯಿಯೇ ಸರಿ ಎಂದು ತಡೆದ. ಒಂದರ ಬಟ್ಟೆ ಬಿಚ್ಚಿ ಬೆರಳದ್ದಿ ನೆಕ್ಕಿದ. ಮುಖ ಕಿವಿಚಿ ಉಗುಳಿದ. “ಇದೇನ್ರಿ ಇದು?”

“ಸಮುದ್ರರಿ, ಸಾಹೇಬ್ರ.”

“ಸಮುದ್ರಕ್ಕ ಸುಂಕ ಇಲ್ಲ. ನಡೀರಿ ಮುಂದ!”

ಒಂದು ಭರಣಿಯೂ ಒಡೆಯಲಿಲ್ಲ. ತೊಟ್ಟಿಗೆ ಸಮುದ್ರ ಇಳಿಯಿತು. ಬಂಡೆಚೂರಿಗೆ ಅಂಟಿದ ಆರು ಹೂವು, ಬೆರಳುಗುರಿನಷ್ಟು ಹತ್ತು ಮೀನು. ಮೇಲೆ ತಳ ತೂತಾದ ಮಣ್ಣಿನ ಗಡಿಗೆ ತೂಗುಹಾಕಿದರು. ಗುಡಿಯಲ್ಲಿ ಲಿಂಗದ ಮೇಲೆ ಹನಿ ಬೀಳುವ ಹಾಗೆ ತೊಟ್ಟಿಯ ನೀರೇ ತೊಟ್ಟಿಯೊಳಗೆ ತೊಟ್ಟಿಕ್ಕುತ್ತಿತ್ತು, ಗಾಳಿ ಕೂಡಿಕೊಳ್ಳಲಿ ಎಂದು. ಗಡಿಗೆ ಬರಿದಾದಾಗಲೆಲ್ಲ ತುಂಬುವವಳು ಈರಮ್ಮ.

ಬಿಸಿಲೇರಿದಂತೆ ನೀರು ಆರುತ್ತಿತ್ತು, ಉಪ್ಪು ಉಳಿಯುತ್ತಿತ್ತು. ಅದನ್ನು ಅಳೆಯುವುದು ಹೇಗೆ? ಹಾವಗೆಪ್ಪನಿಗೆ ಗೊತ್ತಿದ್ದದ್ದು ತೂಗುವುದೊಂದೇ. ಒಂದೇ ಅಳತೆಯ, ಒಂದೇ ತೂಕದ ಎರಡು ಔಷಧಿ ಶೀಶಿ ಹುಡುಕಿದ. ಒಂದರಲ್ಲಿ ಮುಂಬಯಿಯ ಸಮುದ್ರವನ್ನು ಕಂಠಮಟ್ಟ ತುಂಬಿ ಅರಗು ಹಾಕಿ ಮುಚ್ಚಿದ. ಇನ್ನೊಂದರಲ್ಲಿ ದಿನಾ ಬೆಳಿಗ್ಗೆ ತೊಟ್ಟಿಯ ನೀರು. ಎರಡನ್ನೂ ತಕ್ಕಡಿಯ ಎರಡು ಪರಡಿಯಲ್ಲಿ ಇಡಬೇಕು. ಆದರೆ ಅವನು ತಕ್ಕಡಿ ಮುಟ್ಟುವಂತಿಲ್ಲ. ಆದ್ದರಿಂದ ಅಕ್ಕಸಾಲಿಗರ ಚಿಕ್ಕ ತಕ್ಕಡಿಯನ್ನು ಶಿವಕಾಂತಾ ಹಿಡಿದಳು. ಅವನು ಕೈ ಬೆನ್ನಿಗೆ ಕಟ್ಟಿಕೊಂಡು ಮುಳ್ಳು ನೋಡುತ್ತಿದ್ದ.

“ಇವತ್ತ ನಮ್ಮ ಸಮುದ್ರ ಭಾರ ಅದರಿ,” ಅನ್ನುವಳು ಶಿವಕಾಂತಾ.

“ಒಂದ ತಂಬಿಗಿ ಬಾವಿ ನೀರು ಹಾಕು.”

“ತಂಬಿಗಿ ಅಲ್ಲ, ಮಣ್ಣಿನ ಕುಡಿಕಿ!” ಒಳಗಿನಿಂದ ಈರಮ್ಮನ ಕೂಗು.

ಐದನೆಯ ದಿನ ಬೆಳಿಗ್ಗೆ ಮುಳ್ಳು ನಟ್ಟನಡುವೆ ನಿಂತಿತು. ಶಿವಕಾಂತಾ ತಕ್ಕಡಿ ಇಳಿಸಿ ತಿರುಗಿದಳು. ಗಂಡನ ತೋಳು ಹಿಡಿದಳು. ತೊಟ್ಟಿಯಲ್ಲಿ ಒಂದು ಹೂವು ಅರಳಿತ್ತು. ಈರಮ್ಮ ಬಂದು ಬಹಳ ಹೊತ್ತು ನೋಡಿದಳು. “ನಾರಂಗಿಲ್ಲ ಬಿಡು,” ಅಂದಳು.

ಹಾವಗೆಪ್ಪ ಅವಸರ ಮಾಡಲಿಲ್ಲ. ಇಪ್ಪತ್ತು ದಿನ ಕಾದು, ಆರೂ ಹೂವು ದಿನಾ ಅರಳುವುದು ಖಾತ್ರಿಯಾದ ಮೇಲೆ ಗಂಜಿಗೆ ಹೇಳಿಕಳಿಸಿದ. ಅಮಾವಾಸ್ಯೆ, ಗಂಜಿಗೆ ರಜೆ. ಹೊತ್ತೇರುವ ಮೊದಲೇ ಅಂಗಳ ತುಂಬಿತು. ಹಮಾಲರು, ಅಡತಿಯವರು, ಭಾಲ್ಕಿಯಿಂದ ರೈಲು ಹತ್ತಿ ಬಂದ ಬೀಗರು. ಔರಾದದಿಂದ ಬಂಡಿ ಕಟ್ಟಿಕೊಂಡು ಶಿವರಾಜಪ್ಪನೂ ಬಂದ. ಮಲ್ಲಿಕಾರ್ಜುನಪ್ಪ ಎಲ್ಲರ ಮುಂದೆ ನಿಂತ.

ಅಷ್ಟು ಜನರ ಕಾಲಿನ ಸದ್ದಿಗೆ ಆರೂ ಹೂವು ಮುಚ್ಚಿಕೊಂಡವು. ಕಲ್ಲಿಗೆ ಅಂಟಿದ ಕಂದು ಉಂಡೆಗಳು, ಅಷ್ಟೆ.

“ಇದೇನ್ ಹೂವೋ ಮಾರಾಯಾ! ಬೆಲ್ಲದ ಪಾಕ ಕೆಟ್ಟು ಗಟ್ಟಿ ಆದಂಗದ,” ಅಂದ ಮಲ್ಲಿಕಾರ್ಜುನಪ್ಪ. ನಗು ಎದ್ದಿತು. ಒಂದು ವರ್ಷದ ಮಾತು ಆ ಉಂಡೆಗಳೊಳಗೆ ಮುದುಡಿ ಕೂತಿತ್ತು. ಅದನ್ನು ಬಿಡಿಸುವುದು ಅವನ ಕೈಯಲ್ಲಿರಲಿಲ್ಲ.

ಈರಮ್ಮ ಗಡಿಗೆ ತುಂಬುವುದನ್ನು ನಿಲ್ಲಿಸಿ ತಿರುಗಿದಳು. “ಸಾಹುಕಾರ, ಕೂಡ್ರು. ಎಲ್ಲಾರೂ ಕೂಡ್ರಿ. ಬಾಯಿ ಮುಚ್ಚಿದ್ರ ಅದು ಬಾಯಿ ತೆರೀತದ.”

ಎಪ್ಪತ್ತು ದಾಟಿದ ಮುದುಕಿಯ ಎದುರು ಯಾರು ಮಾತಾಡಿಯಾರು? ಗಂಜು ನೆಲದ ಮೇಲೆ ಕೂತಿತು. ತೊಟ್ಟಿಕ್ಕುವ ನೀರಿನ ಸದ್ದು ಮಾತ್ರ. ಒಂದು ಉಂಡೆಯ ನೆತ್ತಿಯಲ್ಲಿ ಸಣ್ಣ ಬಿರುಕು ಬಿಟ್ಟಿತು. ಎಸಳಿನ ತುದಿ ಕಂಡಿತು, ನಸುಗೆಂಪು. ಇನ್ನೊಂದು. ನಿಧಾನವಾಗಿ, ಯಾರ ಹಂಗೂ ಇಲ್ಲದೆ, ಅದು ಸೇವಂತಿಗೆಯಷ್ಟು ಅರಳಿತು. ಪಕ್ಕದ್ದೂ ಅರಳಿತು. ಕಲ್ಲಿನ ಸಂದಿಯಿಂದ ಒಂದು ಮೀನು ಹೊರಬಂದು ಗಾಜಿನುದ್ದಕ್ಕೂ ಈಜಿತು, ತಿರುಗಿತು, ದೊಡ್ಡ ಹೂವಿನ ಮೇಲೆ ಹಾದುಹೋಯಿತು. ಎಸಳು ತಾಗಿದವು. ಮೀನು ಒಮ್ಮೆ ಒದ್ದಾಡಿತು. ಹೂವು ಮಡಚಿಕೊಂಡಿತು.

ಈರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. “ಅದಕ್ಕ ಅದರ ಅನ್ನ,” ಅಂದಳು ಮೆಲ್ಲಗೆ.

ಮೊದಲು ಎದ್ದವನು ಶಿವರಾಜಪ್ಪ. ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. “ಹಾವಗೆಪ್ಪಣ್ಣ, ಬಂಡ್ಯಾಗ ಕಡಲಿ ತಂದೇನಿರಿ. ನಾಳಿ ನೀವೇ ತೂಗಬೇಕು. ಬ್ಯಾರೆದವರು ಮುಟ್ಟಿದ್ರ ಹೊಳ್ಳಿ ಔರಾದಕ್ಕ ಒಯ್ತೇನಿ.”

ಮಲ್ಲಿಕಾರ್ಜುನಪ್ಪ ಇನ್ನೂ ಗಾಜಿನ ಮುಂದೆ ಮೊಣಕಾಲೂರಿ ಕೂತಿದ್ದ. “ತಮ್ಮಾ,” ಅಂದ, ತಿರುಗದೆ. “ಮತ್ತೊಂದು ಮೀನ ಯಾವಾಗ ಬರ್ತದೋ?”

ಉಸ್ಮಾನ ಮಿಯಾ ಗಾಜಿನ ಬುಡಕ್ಕೆ ಕೈಯಾಡಿಸಿ, ಒಣ ಅಂಗೈಯನ್ನು ಇಡೀ ಗಂಜಿಗೆ ಎತ್ತಿ ತೋರಿಸಿದ.

ಮಾವಿನಕಾಯಿ ಬರುವಷ್ಟರಲ್ಲಿ ಮೂವತ್ತೊಂದು ಭರಣಿಯೂ ಅವರವರ ಮನೆ ಸೇರಿದವು. ಹೂವುಗಳು ಆ ಪಡಸಾಲೆಯಲ್ಲಿ ಹನ್ನೊಂದು ವರ್ಷ ಬದುಕಿದವು. ಅಷ್ಟೂ ವರ್ಷ ಬೆಳಿಗ್ಗೆ ತಕ್ಕಡಿ ಹಿಡಿದು ಸಮುದ್ರ ತೂಗಿದವಳು ಶಿವಕಾಂತಾ. ಆ ತಕ್ಕಡಿಯನ್ನು ಹಾವಗೆಪ್ಪನಿಗೆ ಬಿಟ್ಟುಕೊಡಲಿಲ್ಲ. “ನಿಮಗ ಗಂಜಿನ ತಕ್ಕಡಿ ಅದ,” ಅನ್ನುತ್ತಿದ್ದಳಂತೆ.

ಹೂವು ತೋರಿಸಿದ ಮರುದಿನ ಬೆಳಿಗ್ಗೆ ಗಂಜಿನಲ್ಲಿ ಶಿವರಾಜಪ್ಪನ ಕಡಲೆಯ ರಾಶಿಯ ಸುತ್ತ ಬೇಕಾದ್ದಕ್ಕಿಂತ ಹೆಚ್ಚು ಜನ ನಿಂತಿದ್ದರು. ಹಾವಗೆಪ್ಪ ತಕ್ಕಡಿಗೆ ಕೈ ಮುಗಿದು ಎತ್ತಿದ. ಮುಳ್ಳು ಅಲ್ಲಾಡಿ ನಿಂತಿತು. ಅವನು ಎದೆ ತುಂಬ ಉಸಿರು ತೆಗೆದುಕೊಂಡ.

“ಲಾಭಾ...!”