ಬೊಂಡ ತುಂಬಿದ ಕಳ್ಳಿನ ಬುರುಡೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಸೀತಾಂಗೋಳಿಯಲ್ಲಿ ಬಸ್ಸಿಗೆ ಕಾಯುವವರಿಗೆಲ್ಲ ಹೇಳಿ ಆಯಿತು. ಬಸ್ಸು ಬಂದರೂ ಬಿಡದೆ ಹೇಳಿದ್ದೇನೆ. ಉಳಿದವರು ನೀವು, ಕೂತುಕೊಳ್ಳಿ.

ನನ್ನದು ಮೂರ್ತೆ ಕೆಲಸವಾಗಿತ್ತು. ತೆಂಗಿನ ಮರ ಹತ್ತಿ ಕಳ್ಳು ಇಳಿಸುವುದು. ಮೊಣಗಂಟು ಮುಷ್ಕರ ಹೂಡಿದ ಮೇಲೆ ಬಿಟ್ಟೆ. ಕಳ್ಳು ತುಂಬಲು ಸೊಂಟಕ್ಕೆ ಕಟ್ಟುತ್ತಿದ್ದ ಸೋರೆಬುರುಡೆ ಮಾತ್ರ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ನಮ್ಮ ಮನೆಯಲ್ಲಿ ಬಸುರಿಗೆ ಬೆಳಗ್ಗಿನ ಸಿಹಿ ಕಳ್ಳು ಕೊಡುವ ಕ್ರಮವಿತ್ತು, ಮಗು ಬೆಳ್ಳಗೆ ಹುಟ್ಟುತ್ತದೆ ಎಂದು. ಇನ್ನೊಂದು ನಂಬಿಕೆಯೂ ಉಂಟು: ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸುರಾದ ನನ್ನ ಮಗಳು ತವರಿಗೆ ಬಂದಳು. ಎಂತ ಬೇಕು ಎಂದು ಕೇಳಿದರೆ, ತಲೆ ತಗ್ಗಿಸಿ, "ಕಳ್ಳು ಅಪ್ಪ" ಎಂದಳು. ಮೂರ್ತೆಯವನ ಮಗಳಲ್ಲವೇ! ನನಗೆ ಎದೆ ಉಬ್ಬಿತು.

ಆದರೂ ಕಾಸರಗೋಡಿನ ಆಸ್ಪತ್ರೆಗೆ ತೋರಿಸಲು ಹೋದಾಗ ಡಾಕ್ಟರಮ್ಮನಲ್ಲಿ ಒಂದು ಮಾತು ಕೇಳಿದೆ.

"ಒಂದು ತೊಟ್ಟೂ ಬೇಡ" ಎಂದರು.

"ಬ್ರಾಂದಿ ಅಲ್ಲ ಡಾಕ್ಟರಮ್ಮ, ಸಿಹಿ ಕಳ್ಳು. ಆಗಷ್ಟೇ ಇಳಿಸಿದ್ದು."

"ಇಳಿಸುವಾಗಲೇ ಹುಳಿದು ನೊರೆ ಬಂದಿರ್ತದಲ್ವಾ? ನಿಮಗೆ ಗೊತ್ತಿಲ್ಲದ್ದಾ? ಕಳ್ಳಾಗಲಿ, ಬಿಯರಾಗಲಿ, ವೈನಾಗಲಿ, ತಾಯಿ ಕುಡಿದದ್ದು ಮಗುವಿಗೂ ಹೋಗ್ತದೆ. ಅದನ್ನು ಅರಗಿಸುವ ಶಕ್ತಿ ಆ ಮಗುವಿಗೆ ಇಲ್ಲ. ಮಿದುಳಿಗೆ, ಬೆಳವಣಿಗೆಗೆ ಪೆಟ್ಟು. ಹುಟ್ಟಿದಾಗ ಚಂದವೇ ಕಾಣಬಹುದು, ತೊಂದರೆ ಗೊತ್ತಾಗುವುದು ಶಾಲೆಗೆ ಹೋದಾಗ. ಇಷ್ಟು ಕುಡಿದರೆ ಅಡ್ಡಿಯಿಲ್ಲ ಎಂಬ ಅಳತೆ ಯಾರಲ್ಲೂ ಇಲ್ಲ."

ನೊರೆಯ ವಿಷಯ ಸತ್ಯ.

ಮನೆಗೆ ಬಂದರೆ ಅಕ್ಕ ಕಾಯುತ್ತಿದ್ದಳು. ಬಯಕೆ, ಬಾಣಂತನ ಎಲ್ಲದಕ್ಕೂ ನಮ್ಮಲ್ಲಿ ಅವಳದ್ದೇ ಕೋರ್ಟು.

"ಹಾಗಾದ್ರೆ ಮಗುವಿನ ಕಿವಿ ಸೋರ್ಲಿ" ಎಂದಳು, ಡಾಕ್ಟರಮ್ಮನ ಮಾತು ಕೇಳಿ. "ನಿನ್ನನ್ನು ಹೊತ್ತಾಗ ಅಮ್ಮ ದಿನಾ ಕುಡೀತಿದ್ಲು ಮಾರಾಯ. ನಿನಗೆಂತ ಆಗಿದೆ?"

ಒಳಗಿನಿಂದ ನನ್ನ ಹೆಂಡತಿ, "ಇವರು ಎರಡನೇ ಕ್ಲಾಸಿನಲ್ಲಿ ಮೂರು ವರ್ಷ ಕೂತದ್ದು ಮರೆತುಹೋಯ್ತಾ ಅತ್ತಿಗೆ?" ಎಂದಳು.

ಅಕ್ಕ ನನ್ನ ಮುಖವನ್ನು ಹೊಸದಾಗಿ ನೋಡಿದಳು.

ನಗು ಬಂತು, ಆದರೆ ಸಂಕಟವೂ ಬಂತು. ಕೊಟ್ಟರೆ ಮಿದುಳು, ಕೊಡದಿದ್ದರೆ ಕಿವಿ. ಇಷ್ಟು ಕಾದು ಬರುವ ಮಗುವಿಗೆ ಎರಡೂ ಬೇಕಲ್ಲ! ಊಟ ಸೇರಲಿಲ್ಲ. ಕೊನೆಗೆ ಹೆಂಡತಿಯೇ ಮಗಳ ಹತ್ತಿರ ಕೂತು, "ನಿನಗೆ ಬೇಕಾದ್ದು ಕಳ್ಳಾ, ಅದರ ವಾಸನೆಯಾ? ಸರಿ ನೋಡಿ ಹೇಳು" ಎಂದಳು.

ಮಗಳು ಕಣ್ಣು ಮುಚ್ಚಿ ಯೋಚಿಸಿದಳು. "ಅಪ್ಪನ ಬುರುಡೆಯ ವಾಸನೆ."

ನಾನು ಮೊಳೆಯಿಂದ ಬುರುಡೆ ಇಳಿಸಿದೆ. ಹೆಂಡತಿ ಬಿಸಿನೀರು ಹಾಕಿ ಹಾಕಿ ತೊಳೆದಳು. ಏನು ತೊಳೆದರೂ ನನ್ನ ಇಡೀ ಆಯುಷ್ಯದ ವಾಸನೆ ಹೋಗುತ್ತದೆಯೇ? ಅಂಗಳದ ಗಿಡ್ಡ ತೆಂಗಿಗೆ ನಾನೇ ಹತ್ತಿದೆ. "ಮೊಮ್ಮಗುವನ್ನು ನೋಡುವ ಆಸೆ ಇಲ್ವಾ ನಿಮಗೆ? ಇಳೀರಿ!" ಎಂದು ಹೆಂಡತಿ ಕೆಳಗಿನಿಂದ ಕಿರುಚುತ್ತಿದ್ದಳು. ಮೊಣಗಂಟು ಕೂಡ ಅವಳ ಪಕ್ಷವೇ. ಆದರೂ ಎರಡು ಬೊಂಡ ಕಿತ್ತು ಇಳಿದೆ, ಎಳನೀರನ್ನು ಬುರುಡೆಗೆ ಸುರಿದೆ, ಹಿಂದಿನ ಗತ್ತಿನಲ್ಲೇ ಬಗ್ಗಿಸಿ ಲೋಟಕ್ಕೆ ಹೊಯ್ದೆ.

ಮಗಳು ಮೊದಲು ಮೂಸಿದಳು. ಆಮೇಲೆ ಗಟಗಟ ಕುಡಿದಳು.

"ಅಪ್ಪ, ಇದು ಬರೇ ಬೊಂಡ!"

"ಹೌದು ಮಗಾ."

"ಇನ್ನು ಸ್ವಲ್ಪ ಉಂಟಾ?"

ಹೆರಿಗೆಯವರೆಗೂ ಅದೇ ನಡೆಯಿತು. ಮರ ಹತ್ತುವ ಕೆಲಸ ಮಾತ್ರ ಅಳಿಯನಿಗೆ ಹೋಯಿತು. ಅವನು ಹತ್ತುವ ಚಂದ ನೋಡಿ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಮಗು ಮನೆಗೆ ಬಂದ ದಿನ ಅಕ್ಕ ಮುಖ ನೋಡಲಿಲ್ಲ, ನೇರ ಕಿವಿಗೆ ಹೋದಳು. ಒಂದನ್ನು ನೋಡಿ, ಮಗುವನ್ನು ತಿರುಗಿಸಿ ಇನ್ನೊಂದನ್ನು ನೋಡಿದಳು. ನಾನೂ ಅವಳ ಭುಜದ ಮೇಲಿಂದ ಇಣುಕಿದೆ.

"ಒಣಗಿದೆ" ಎಂದಳು, ಸ್ವಲ್ಪ ಬೇಸರದಲ್ಲೇ. "ಬಣ್ಣ ಮಾತ್ರ ನಿನ್ನದ್ದೇ. ಕಪ್ಪು."

"ಬಣ್ಣ ಇರಲಿ ಅತ್ತಿಗೆ" ಎಂದಳು ನನ್ನ ಹೆಂಡತಿ, ಮಗುವನ್ನು ನನ್ನ ಕೈಗೆ ಕೊಡುತ್ತ. "ಎರಡನೇ ಕ್ಲಾಸಿನಲ್ಲಿ ಒಂದೇ ವರ್ಷ ಕೂತರೆ ಸಾಕು."